ನಿಮ್ಮ ಕೋಣೆಯ ಹೊರಗಿನ ಮೇಜು: ತಜ್ಞ ವೈದ್ಯರಿಗೊಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಕೇಂದ್ರಗಳಲ್ಲಿ ಕ್ಲಿನಿಕ್ ಹಾಗೂ ಆಸ್ಪತ್ರೆ ನಡೆಸುತ್ತಿರುವ ತಜ್ಞ ವೈದ್ಯರಿಗೆ

ಪ್ರತಿ: ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯ ಹಾಗೂ ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ

ವಿಷಯ: ಹೊರರೋಗಿಗಳಿಗೆ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಆಗುತ್ತಿರುವ ತೊಂದರೆ ಮತ್ತು ಅದನ್ನು ಸರಿಪಡಿಸುವ ಕುರಿತು.

ಮಾನ್ಯರೇ,

ತಾಲ್ಲೂಕು ಊರುಗಳಿಂದ, ಹಳ್ಳಿಗಳಿಂದ ರೋಗಿಗಳನ್ನು ನಿಮ್ಮ ಬಳಿಗೆ ಕರೆತರುವವರು ನಾವು. ಅವರ ಫೈಲು ಹಿಡಿದು ನಿಮ್ಮ ಬಾಗಿಲ ಮುಂದೆ ಕೂರುವವರು, ನೀವು ಬರೆದ ಚೀಟಿಯನ್ನು ಅವರ ಮನೆಯಲ್ಲಿ ಓದಿ ಹೇಳುವವರು ನಾವೇ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ನಿವೃತ್ತ ನರ್ಸುಗಳಿದ್ದಾರೆ, ಔಷಧಿ ಅಂಗಡಿಯಲ್ಲಿ ದುಡಿದವರಿದ್ದಾರೆ. ನಿಮ್ಮ ವಿದ್ಯೆಯ ಬಗ್ಗೆ ನಮ್ಮದೇನೂ ತಕರಾರಿಲ್ಲ. ಹೃದಯ, ಮೂತ್ರಪಿಂಡ, ನರ, ಕಣ್ಣು ಎಂದರೆ ಬೆಂಗಳೂರಿಗೇ ಓಡಬೇಕಾಗಿದ್ದ ಕಾಲ ಹೋಗಿ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಶಿವಮೊಗ್ಗದಲ್ಲೇ ತಜ್ಞರು ಸಿಗುವಂತಾಗಿರುವುದು ನಮ್ಮ ಜನರಿಗೆ ಸಣ್ಣ ಉಪಕಾರವಲ್ಲ.

ನಮ್ಮ ದೂರು ನಿಮ್ಮ ಬಾಗಿಲಿನ ಹೊರಗೆ ನಡೆಯುವುದರ ಬಗ್ಗೆ. ಅಲ್ಲೊಂದು ಮೇಜಿದೆ. ನಂಬರ್ ಬರೆದುಕೊಳ್ಳುವುದು, ಫೋನ್ ಎತ್ತುವುದು, ಫೀಸು ತೆಗೆದುಕೊಳ್ಳುವುದು, ರಿಪೋರ್ಟು ಜೋಡಿಸಿ ಒಳಗೆ ಕಳಿಸುವುದು ಎಲ್ಲ ಅಲ್ಲಿಂದಲೇ. ಯಾರನ್ನು ಇವತ್ತು ನೋಡಬೇಕು, ಯಾರು ಮುಂದಿನ ವಾರ ಬಂದರೆ ಸಾಕು, ಯಾರು ಉಪವಾಸ ಬರಬೇಕು, ಯಾವ ಮಾತ್ರೆ ನಿಲ್ಲಿಸಬೇಕು ಎಂಬ ವೈದ್ಯಕೀಯ ತೀರ್ಮಾನಗಳೂ ದಿನಾ ಅಲ್ಲೇ ಆಗಿಹೋಗುತ್ತಿವೆ. ಹಾಗೆ ತೀರ್ಮಾನಿಸುವ ಹುಡುಗ ಹುಡುಗಿಯರಿಗೆ ಅದನ್ನು ಯಾರೂ ಕಲಿಸಿಕೊಟ್ಟಿಲ್ಲ. ಆದರೆ ಅವರ ಬಾಯಿಂದ ಬಂದ ಮಾತು ಹಳ್ಳಿಗೆ ಹೋಗುವಾಗ "ಡಾಕ್ಟ್ರು ಹೇಳಿದಾರೆ" ಎಂದೇ ಹೋಗುತ್ತದೆ. ಆ ಮೇಜು ನಿಮ್ಮ ಚಿಕಿತ್ಸೆಯ ಭಾಗ, ಅಲ್ಲಿ ಆಗುವ ತಪ್ಪಿಗೆ ನೀವೇ ಹೊಣೆ ಎಂದು ಗೌರವದಿಂದ, ಆದರೆ ಸ್ಪಷ್ಟವಾಗಿ ಹೇಳಲು ಇದನ್ನು ಬರೆಯುತ್ತಿದ್ದೇವೆ.

ಮೊದಲು ಫೋನಿನ ವಿಷಯ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಬೆಳಿಗ್ಗೆ ಒಂದು ಹೊತ್ತಿನಲ್ಲಿ ಮಾತ್ರ ನಂಬರ್ ಕೊಡುತ್ತಾರೆ. ಆಗ ಲೈನ್ ಸಿಗುವುದೇ ಕಷ್ಟ. ಸಿಕ್ಕಿದರೆ ಹೆಸರು, ಊರು, ಹಳಬರಾ ಹೊಸಬರಾ ಎಂದು ಕೇಳಿ "ಗುರುವಾರ ಬನ್ನಿ" ಎಂದು ಫೋನ್ ಇಡುತ್ತಾರೆ. ಏನಾಗಿದೆ ಎಂದು ಕೇಳುವುದಿಲ್ಲ. ರೋಗಿಯ ಕಡೆಯವರು ತಾವಾಗಿ ಹೇಳಹೊರಟರೆ "ಅದೆಲ್ಲ ಡಾಕ್ಟ್ರ ಹತ್ರ ಹೇಳಿ" ಎಂಬ ಉತ್ತರ ಬರುತ್ತದೆ.

ಇದರಿಂದ ಏನು ಕೆಡುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯುವಂತಿಲ್ಲ. ಬಿಳಿ ರಕ್ತಕಣ ಇಳಿದಿರುವ ಮೈಯಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಏರುತ್ತದೆ, ಅಂದೇ ರಕ್ತ ಪರೀಕ್ಷೆ ಆಗಬೇಕು, ಆಂಟಿಬಯೋಟಿಕ್ ಶುರುವಾಗಬೇಕು. ಅಂಥವರಿಗೆ ಮುಂದಿನ ಮೇಜಿನಿಂದ ಸಿಗುವ ಸಲಹೆ, ಜ್ವರದ ಮಾತ್ರೆ ಹಾಕಿ, ಸೋಮವಾರ ಬನ್ನಿ ಎಂದು. ಕೈ ಸೋತಿದೆ, ಬಾಯಿ ಓರೆಯಾಗಿದೆ, ಮಾತು ತೊದಲುತ್ತಿದೆ ಎಂದು ನರರೋಗ ತಜ್ಞರ ಕ್ಲಿನಿಕ್ಕಿಗೆ ಫೋನ್ ಮಾಡಿದವರಿಗೆ ಸಂಜೆಯ ನಂಬರ್ ಕೊಡುತ್ತಾರೆ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಸಿಟಿ ಸ್ಕ್ಯಾನೂ ಆಗಿರಬೇಕು. ದಾರಿಯಲ್ಲೇ ಒಂದೂವರೆ ಗಂಟೆ ಕಳೆಯುವ ಊರಿನವರಿಗೆ ಸಂಜೆಯ ನಂಬರ್ ಎಂದರೆ ಆ ಚುಚ್ಚುಮದ್ದು ಇಲ್ಲವೆಂದೇ ಅರ್ಥ. ಕಣ್ಣ ಮುಂದೆ ಮಿಂಚಿದ ಹಾಗಾಗುವುದು, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿ ಬರುವುದು, ಒಂದು ಪಕ್ಕದಿಂದ ಪರದೆ ಎಳೆದಂತೆ ಕತ್ತಲಾಗುವುದು ಅಕ್ಷಿಪಟಲ ಕಳಚುತ್ತಿರುವುದರ ಸೂಚನೆ. ಇದನ್ನೂ ಕನ್ನಡಕದ ನಂಬರ್ ನೋಡಿಸಲು ಬಂದವರ ಸಾಲಿಗೇ ಸೇರಿಸುತ್ತಾರೆ. ಹುಡುಗನ ವೃಷಣದಲ್ಲಿ ಇದ್ದಕ್ಕಿದ್ದಂತೆ ಬರುವ ನೋವು ತಿರುಚಿಕೊಂಡದ್ದರಿಂದ ಆಗಿದ್ದರೆ ಅದನ್ನು ಉಳಿಸಲು ಸುಮಾರು ಆರು ಗಂಟೆಯಷ್ಟೇ ಇರುತ್ತದೆ. ನಾಚಿಕೆಯಿಂದ ತಡವಾಗಿ ಹೇಳಿದ ಮಗುವಿಗೆ ಆ ಆರು ಗಂಟೆಯಲ್ಲಿ ಅರ್ಧ ಮೊದಲೇ ಹೋಗಿರುತ್ತದೆ.

ಇದಕ್ಕೆ ದೊಡ್ಡ ಖರ್ಚಿನ ವ್ಯವಸ್ಥೆ ಬೇಡ. ನಿಮ್ಮ ವಿಭಾಗಕ್ಕೆ ತಕ್ಕಂತೆ ಎಂಟೋ ಹತ್ತೋ ಪ್ರಶ್ನೆಗಳನ್ನು ನೀವೇ ಕೂತು ಕನ್ನಡದಲ್ಲಿ ಬರೆದು, ಒಂದು ಹಾಳೆಯಲ್ಲಿ ಫೋನಿನ ಪಕ್ಕ ಅಂಟಿಸಿ. ಒಂದಕ್ಕಾದರೂ "ಹೌದು" ಎಂದು ಬಂದರೆ ಸಿಬ್ಬಂದಿ ನಂಬರ್ ಕೊಡುವುದನ್ನು ಬಿಟ್ಟು ನಿಮಗೆ ಫೋನ್ ಮಾಡಬೇಕು. ನೀವು ಆಪರೇಷನ್ ಥಿಯೇಟರಿನಲ್ಲಿದ್ದರೆ ರೋಗಿಯನ್ನು ಎಲ್ಲಿಗೆ ಕಳಿಸಬೇಕು ಎಂಬುದೂ ಆ ಹಾಳೆಯಲ್ಲೇ ಇರಲಿ: 24 ಗಂಟೆ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ಅದರ ತುರ್ತು ವಿಭಾಗದ ನಂಬರ್ ಏನು, 108ಕ್ಕೆ ಯಾವಾಗ ಹೇಳಬೇಕು. ಕೇಳಲು ಒಂದು ನಿಮಿಷವೂ ಬೇಕಾಗುವುದಿಲ್ಲ.

ಎರಡನೆಯದು ಉಪವಾಸ. "ಖಾಲಿ ಹೊಟ್ಟೇಲಿ ಬನ್ನಿ" ಎಂಬುದು ಮುಂದಿನ ಮೇಜಿನವರು ಎಲ್ಲರಿಗೂ ಹೇಳುವ ಮಾತಾಗಿದೆ. ಉಪವಾಸದ ಸಕ್ಕರೆ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು, ಸರಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಗೆ ಬೇಕಿಲ್ಲ. ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್‌ಗೆ ಬೇಕಿಲ್ಲ. ಥೈರಾಯ್ಡಿನ ಟಿಎಸ್‌ಎಚ್‌ಗೂ ಬೇಕಿಲ್ಲ. ಇಸಿಜಿಗಂತೂ ಕೇಳಲೇಬೇಡಿ. ಆದರೂ ಅರವತ್ತೈದು ದಾಟಿದ ಸಕ್ಕರೆ ಕಾಯಿಲೆಯವರು ಕಾಫಿಯನ್ನೂ ಕುಡಿಯದೆ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತಾರೆ. ಡಾಕ್ಟರು ರೌಂಡ್ಸ್ ಮುಗಿಸಿ ಕೂರುವುದು ಹನ್ನೊಂದರ ಮೇಲೆ. ಇವರ ನಂಬರ್ ಬರುವಷ್ಟರಲ್ಲಿ ಮಧ್ಯಾಹ್ನ. ಮಾತ್ರೆ ತಪ್ಪಿಸಬಾರದು ಎಂದು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ನುಂಗಿಯೋ, ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡೋ ಬಂದವರ ಸಕ್ಕರೆ 70ಕ್ಕಿಂತ ಕೆಳಗಿಳಿದು, ಕೈ ನಡುಗಿ, ಬೆವರಿ, ಬೆಂಚಿನ ಮೇಲೆಯೇ ಮಂಪರು ಹತ್ತುತ್ತದೆ. ತಜ್ಞ ವೈದ್ಯರ ಬಾಗಿಲಿಂದ ಹತ್ತು ಹೆಜ್ಜೆ ಆಚೆ ಇದು ನಡೆಯುತ್ತದೆ, ಒಳಗಿರುವವರಿಗೆ ಸುಳಿವೂ ಸಿಗುವುದಿಲ್ಲ.

ಊಟದ ನಂತರದ ಪರೀಕ್ಷೆಯೂ ಹೀಗೆಯೇ ಹಾಳಾಗುತ್ತದೆ. ಎರಡು ಗಂಟೆ ಎಣಿಸಬೇಕಾದದ್ದು ಮೊದಲ ತುತ್ತಿನಿಂದ. ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡೇ ತಿನ್ನಬೇಕು. ಇದನ್ನು ಹೇಳದೆ "ತಿಂಡಿ ತಿಂದು ಬನ್ನಿ" ಎಂದು ಬಿಟ್ಟರೆ ಒಬ್ಬರು ಒಂದು ಗಂಟೆಗೆ ಬರುತ್ತಾರೆ, ಇನ್ನೊಬ್ಬರು ಮೂರು ಗಂಟೆಗೆ. ಮಾತ್ರೆಯನ್ನು ಮನೆಯಲ್ಲೇ ಬಿಟ್ಟುಬಂದವರ ಸಕ್ಕರೆ ಏರಿರುತ್ತದೆ. ಆ ಸಂಖ್ಯೆ ನೋಡಿ ನೀವು ಔಷಧಿ ಹೆಚ್ಚಿಸುತ್ತೀರಿ. ಮನೆಗೆ ಹೋಗಿ ಮಾತ್ರೆ ಸರಿಯಾಗಿ ತೆಗೆದುಕೊಂಡಾಗ ಅದೇ ಹೆಚ್ಚಾಗಿ ಸಕ್ಕರೆ ಇಳಿಯುತ್ತದೆ. ತಪ್ಪು ಎಲ್ಲಿ ಶುರುವಾಯಿತು ಎಂದು ನಿಮ್ಮ ಚೀಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಂಬರ್ ಕೊಡುವಾಗಲೇ ಉಪವಾಸ ಬೇಕೋ ಬೇಡವೋ ತಿಳಿಸಲಿ. ಬೇಕಿದ್ದರೆ ಬೆಳಗಿನ ಸಕ್ಕರೆ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಎಂದು ನೀವು ಬರೆದುಕೊಟ್ಟಂತೆ ಹೇಳಲಿ. ರಕ್ತ ಕೊಟ್ಟ ಕೂಡಲೇ ತಿಂಡಿ ತಿನ್ನಬಹುದು ಎಂದು ಲ್ಯಾಬಿನವರು ಹೇಳಲಿ. ನಂಬರ್ ತಪ್ಪುತ್ತದೆ ಎಂಬ ಭಯದಿಂದ ಜನ ಆಮೇಲೂ ಎದ್ದು ಹೋಗುವುದಿಲ್ಲ.

ಮೂರನೆಯದನ್ನು ಹೇಳುವಾಗ ನಮ್ಮ ಮಾತು ಗಡುಸಾದರೆ ಕ್ಷಮಿಸಿ. ಹಲ್ಲು ಕೀಳಿಸಲು, ಎಂಡೋಸ್ಕೋಪಿಗೆ, ಸಣ್ಣ ಶಸ್ತ್ರಚಿಕಿತ್ಸೆಗೆ ಬರುವವರಿಗೆ "ರಕ್ತ ತೆಳು ಮಾಡೋ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ" ಎಂದು ಮುಂದಿನ ಮೇಜಿನವರು ಫೋನಿನಲ್ಲೇ ಹೇಳಿಬಿಡುತ್ತಾರೆ. ಯಾವ ಮಾತ್ರೆ, ಯಾಕೆ ಕೊಟ್ಟದ್ದು ಎಂದು ಕೇಳುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಕೃತಕ ಕವಾಟ ಇರುವವರು ವಾರ್ಫರಿನ್ ಬಿಟ್ಟರೆ ಕವಾಟವೇ ಕಟ್ಟಿಕೊಳ್ಳಬಹುದು, ಹೆಪ್ಪು ಮೆದುಳಿಗೆ ಹಾರಬಹುದು. ಎಷ್ಟೋ ಸಣ್ಣ ಕೆಲಸಗಳಿಗೆ ಈ ಮಾತ್ರೆ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ನೋಡಿಕೊಂಡು, ರಕ್ತ ನಿಲ್ಲಿಸುವ ತಯಾರಿ ಇಟ್ಟುಕೊಂಡು ಮಾಡಬಹುದಾದದ್ದು ಎಂದು ನಿಮ್ಮಲ್ಲೇ ಅನೇಕರು ನಮಗೆ ಹೇಳಿದ್ದೀರಿ. ನಿಲ್ಲಿಸಲೇಬೇಕಾದರೆ ಅದು ಕೊಟ್ಟ ಹೃದ್ರೋಗ ತಜ್ಞರನ್ನು ಕೇಳಿ, ನಿಲ್ಲಿಸುವ ತಾರೀಖು ಮತ್ತು ಮತ್ತೆ ಶುರುಮಾಡುವ ತಾರೀಖು ಎರಡನ್ನೂ ಬರೆದು, ಸಹಿ ಹಾಕಿ ಕೊಡಬೇಕು. ಮತ್ತೆ ಶುರುಮಾಡಿ ಎಂದು ಯಾರೂ ಹೇಳದೆ ತಿಂಗಳುಗಟ್ಟಲೆ ಮಾತ್ರೆ ಬಿಟ್ಟೇ ಕೂತವರನ್ನು ನಾವು ಮನೆ ಭೇಟಿಯಲ್ಲಿ ಕಾಣುತ್ತೇವೆ. ಮುಂದಿನ ಮೇಜಿನಿಂದ ಯಾವ ಮಾತ್ರೆಯನ್ನೂ ನಿಲ್ಲಿಸಿ ಎನ್ನಕೂಡದು ಎಂದು ನಿಮ್ಮ ಸಿಬ್ಬಂದಿಗೆ ಇವತ್ತೇ ಹೇಳಿ.

ಸ್ಕ್ಯಾನಿನ ತಯಾರಿಯೂ ಇದಕ್ಕೇ ಸೇರಿದ್ದು. ಬಣ್ಣದ ದ್ರವ ಕೊಟ್ಟು ಮಾಡುವ ಸಿಟಿಗೆ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ, ಮೂತ್ರಪಿಂಡ ಸೊರಗಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಗ್ಗೆ ಸೂಚನೆ ಬೇಕು. ಎಂಆರ್‌ಐಗೆ ಪೇಸ್‌ಮೇಕರ್, ಮೆದುಳಿನ ಕ್ಲಿಪ್, ಮೈಯೊಳಗಿನ ಲೋಹದ ವಿಷಯ ಮೊದಲೇ ತಿಳಿದಿರಬೇಕು. ಇಷ್ಟನ್ನು ಕೇಳದೆ ಚೀಟಿ ಕೊಟ್ಟು ಕಳಿಸಿದರೆ ಸ್ಕ್ಯಾನ್ ಸೆಂಟರಿನವರು ವಾಪಸ್ ಕಳಿಸುತ್ತಾರೆ. ಒಂದು ದಿನದ ಕೂಲಿ, ಎರಡು ಜನರ ಬಸ್ ಚಾರ್ಜು ಹೋಯಿತು.

ಕಣ್ಣಿನ ಆಸ್ಪತ್ರೆಯ ಬೆಂಚಿನ ಹತ್ತಿರ ಸ್ವಲ್ಪ ನಿಂತು ನೋಡಿ. ಪಾಪೆ ಅಗಲಿಸುವ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತವರ ಸಾಲು ಅದು. ಹನಿ ಹಿಡಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಕೆಲವರಿಗೆ ಎರಡು ಮೂರು ಸಲ ಹಾಕಬೇಕು. ಸಿಸ್ಟರ್ ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ಹತ್ತಿ ಹಿಡಿದು ಸಾಲಿನುದ್ದಕ್ಕೂ ಬರುತ್ತಾರೆ, ರೆಪ್ಪೆ ಎಳೆದು ಹನಿ ಬಿಟ್ಟು "ಮುಚ್ಕೊಳಿ" ಎಂದು ಮುಂದಕ್ಕೆ ಹೋಗುತ್ತಾರೆ. ಬೈಕಿನಲ್ಲಿ ಒಬ್ಬರೇ ಬಂದಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಆಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಹೆಲ್ಮೆಟ್ ಹಿಡಿದು ಕೂತ ರೈತರು ಪರೀಕ್ಷೆ ಮುಗಿದ ಕೂಡಲೇ ಹೆದ್ದಾರಿಗೆ ಇಳಿಯುತ್ತಾರೆ. ಡಾಕ್ಟರು ನಡುವೆ ಆಪರೇಷನ್ನಿಗೆ ಹೋಗಿ ತಡವಾದರೆ ಹನಿಯ ಪ್ರಭಾವ ಇಳಿದು ಮತ್ತೆ ಮೊದಲಿನಿಂದ ಹನಿ. ಜೊತೆಗೊಬ್ಬರನ್ನು ಕರೆತನ್ನಿ, ಗಾಡಿ ಓಡಿಸಬೇಡಿ, ಕಪ್ಪು ಕನ್ನಡಕ ತನ್ನಿ ಎಂಬ ಮೂರು ಮಾತು ನಂಬರ್ ಕೊಡುವಾಗಲೇ ಹೇಳಿದರೆ ಮುಗಿಯಿತು.

ಇನ್ನು ನಂಬರಿನ ಪುಸ್ತಕ. ಉದ್ದನೆಯ ರಿಜಿಸ್ಟರು, ಎಡಗಡೆ ಕ್ರಮಸಂಖ್ಯೆ, ಪಕ್ಕದಲ್ಲಿ ಹೆಸರು, ಊರು, ಹೊಸಬರಿಗೆ ಎನ್, ಹಳಬರಿಗೆ ಓ. 7ರ ಕೆಳಗೆ ಬೇರೆ ಪೆನ್ನಿನಲ್ಲಿ 7ಎ, 7ಬಿ. 12ರ ಪಕ್ಕ ಅಂಚಿನಲ್ಲಿ ಹೆಸರಿಲ್ಲದ ಒಂದು ಗುರುತು. ಡಾಕ್ಟರ ಪರಿಚಯದವರು, ಯಾರದೋ ಫೋನ್ ಬಂದವರು, ಮೇಜಿನವರ ಕೈಗೆ ನೂರು ರೂಪಾಯಿ ಇಟ್ಟವರು ಈ ಎ, ಬಿಗಳಲ್ಲಿ ಒಳಗೆ ಹೋಗುತ್ತಾರೆ. ನಡುವೆ ಬ್ಯಾಗು ಹಿಡಿದ ಮೆಡಿಕಲ್ ರೆಪ್‌ಗಳು ಮೂರು ಮೂರು ಜನ ಒಟ್ಟಿಗೆ. ತುರ್ತು ರೋಗಿಯನ್ನು ಮೊದಲು ಒಳಗೆ ಬಿಟ್ಟರೆ ನಮ್ಮ ಜನ ಒಬ್ಬರೂ ಗೊಣಗುವುದಿಲ್ಲ, ತಾವೇ ಎದ್ದು ದಾರಿ ಬಿಡುತ್ತಾರೆ. ಯಾಕೆ ಬಿಟ್ಟಿರಿ ಎಂದು ಹೇಳದಿದ್ದಾಗ ಜಗಳ ಹತ್ತುತ್ತದೆ. ಒಂದು ಗಂಟೆಗೆ ಎಷ್ಟು ಜನರನ್ನು ನಿಜವಾಗಿ ನೋಡುತ್ತೀರಿ ಎಂಬುದು ನಿಮಗೆ ಗೊತ್ತು. ಅದಕ್ಕೆ ತಕ್ಕಂತೆ ಹೊತ್ತು ಹಂಚಿ, ಪ್ರತಿ ಗಂಟೆಯಲ್ಲಿ ತುರ್ತಿನವರಿಗೆ ಒಂದೆರಡು ಜಾಗ ಖಾಲಿ ಬಿಡಿ. ಔಷಧ ಕಂಪನಿಯವರನ್ನು ಕೊನೆಯ ರೋಗಿಯ ನಂತರ ನೋಡಿ. ತಡವಾಗುವುದಾದರೆ ಒಂದು ಬಿಳಿ ಹಲಗೆಯ ಮೇಲೆ ಬರೆಯಿಸಿ: ಈಗ ನಡೆಯುತ್ತಿರುವ ನಂಬರ್ ಇಷ್ಟು, ಡಾಕ್ಟರು ಥಿಯೇಟರಿನಲ್ಲಿದ್ದಾರೆ, ಇಷ್ಟು ಹೊತ್ತಿಗೆ ಬರುತ್ತಾರೆ. ಕೊನೆಯ ಬಸ್ಸು ಆರಕ್ಕೆ ಇರುವ ಊರಿನವರನ್ನು ಸ್ವಲ್ಪ ಮೊದಲು ಕರೆಯುವ ಪದ್ಧತಿಯನ್ನು ಕೆಲವು ಹಿರಿಯ ವೈದ್ಯರು ಮಾಡಿಕೊಂಡಿದ್ದಾರೆ. ಅದನ್ನು ಉಳಿದವರೂ ಮಾಡಬಹುದು.

ಆ ಮೇಜಿನ ಮುಂದೆ ಗುಟ್ಟು ಎಂಬುದೇ ಇಲ್ಲ. ಸ್ತ್ರೀರೋಗ, ಚರ್ಮ, ಮೂತ್ರ, ಮನೋರೋಗ, ಯಾವ ತಜ್ಞರ ಕ್ಲಿನಿಕ್ಕೇ ಇರಲಿ, "ಏನ್ ಪ್ರಾಬ್ಲಮ್ಮು?" ಎಂದು ಇಪ್ಪತ್ತು ಜನರ ನಡುವೆ ಗಟ್ಟಿಯಾಗಿ ಕೇಳುತ್ತಾರೆ. ಕೇಳಿಸದಿದ್ದರೆ ಇನ್ನೂ ಗಟ್ಟಿಯಾಗಿ. ಹೆಣ್ಣುಮಕ್ಕಳು ಸುಳ್ಳು ಹೇಳಿ ಒಳಗೆ ಹೋಗುತ್ತಾರೆ, ಫೈಲಿನ ಮೇಲೆ "ಹೊಟ್ಟೆನೋವು" ಎಂದು ಬರೆದಿರುತ್ತದೆ, ಒಳಗೆ ಇನ್ನೊಬ್ಬ ರೋಗಿ ಕೂತಿರುವುದರಿಂದ ಅಲ್ಲೂ ನಿಜ ಬಾಯಿಗೆ ಬರುವುದಿಲ್ಲ. ಮನೋರೋಗಿಗಳ ಗೋಪ್ಯತೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ರಕ್ಷಣೆ ಇದೆ, ಎಚ್‌ಐವಿ ಇರುವವರಿಗೆ ಅದೇ ವರ್ಷದ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ. ಫೈಲಿನ ಹೊರಗಡೆ ಕಾಯಿಲೆಯ ಹೆಸರು, ಕೆಂಪು ಗುರುತು ಹಾಕುವುದನ್ನು ನಿಲ್ಲಿಸಿ. ಒಂದು ಚಿಕ್ಕ ಚೀಟಿ ಕೊಟ್ಟು ಬರೆಸಿಕೊಳ್ಳಿ, ಬರೆಯಲು ಬಾರದವರನ್ನು ಸಿಸ್ಟರ್ ಪಕ್ಕಕ್ಕೆ ಕರೆದು ಕೇಳಲಿ. ಒಳಗೆ ಒಮ್ಮೆಗೆ ಒಬ್ಬರೇ ಇರಲಿ. ಪುರುಷ ವೈದ್ಯರು ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕು. ಇದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ, ಕೇಳಿಕೊಳ್ಳಬೇಕಾದ ಸವಲತ್ತಲ್ಲ.

ಫೀಸಿನ ವಿಷಯ ಚಿಕ್ಕದಾಗಿ ಹೇಳುತ್ತೇವೆ. ವೈದ್ಯರು ತಮ್ಮ ಶುಲ್ಕವನ್ನು ತಮ್ಮ ಕೋಣೆಯಲ್ಲೂ ತಾವು ಭೇಟಿ ಕೊಡುವ ಆಸ್ಪತ್ರೆಯಲ್ಲೂ ಫಲಕದಲ್ಲಿ ತೋರಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿ ಹೇಳುತ್ತದೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ವರ್ಷದ ಆಗಸ್ಟಿನಲ್ಲಿ ತಡೆಹಿಡಿದ ಮೇಲೆ 2002ರದ್ದೇ ಮತ್ತೆ ಚಾಲ್ತಿಗೆ ಬಂತು. ಮತ್ತೆ ತೋರಿಸಲು ಎಷ್ಟು ದಿನದೊಳಗೆ ಬಂದರೆ ಫೀಸಿಲ್ಲ, ಬರೀ ರಿಪೋರ್ಟ್ ತೋರಿಸಲು ಎಷ್ಟು ಎಂಬುದೂ ಆ ಫಲಕದಲ್ಲಿರಲಿ. ಏಳು ದಿನ ಎಂದು ಹೇಳಿ, ಎಂಟನೆಯ ದಿನ ಬರುವ ರಿಪೋರ್ಟ್ ಬರೆದುಕೊಟ್ಟು, ಮತ್ತೆ ಪೂರ್ತಿ ಫೀಸು ಕೇಳುವುದು ನ್ಯಾಯವಲ್ಲ. ರಸೀದಿ ಕೇಳಿದವರನ್ನು ದುರುಗುಟ್ಟಿ ನೋಡುವುದೂ ಬೇಡ. "ಹೊರಗಿನ ಲ್ಯಾಬಿನ ರಿಪೋರ್ಟ್ ನಡೆಯಲ್ಲ" ಎಂದು ಮೇಜಿನಿಂದಲೇ ತಿರುಗಿಸಿ ಕಳಿಸುವುದುಂಟು. ಆ ಲ್ಯಾಬಿನ ಫಲಿತಾಂಶದ ಮೇಲೆ ನಿಮಗೆ ಅನುಮಾನವಿದ್ದರೆ ಕಾರಣ ಹೇಳಿ ಮತ್ತೊಮ್ಮೆ ಮಾಡಿಸಿ, ಜನ ಒಪ್ಪುತ್ತಾರೆ. ರೋಗಿಯನ್ನು ಲ್ಯಾಬಿಗೆ ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ಅದೇ ನಿಯಮಾವಳಿ ನಿಷೇಧಿಸಿದೆ ಎಂಬುದನ್ನು ನಾವು ನಿಮಗೆ ನೆನಪಿಸಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಚೀಟಿಯ ಬಗ್ಗೆ ಹೆಚ್ಚು ಹೇಳುವುದಿದೆ, ಯಾಕೆಂದರೆ ಅದರ ಪರಿಣಾಮ ನೋಡುವವರು ನಾವು. ಸಂಧಿವಾತಕ್ಕೆ, ಸೋರಿಯಾಸಿಸ್ಸಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದ ಮಾತ್ರೆ. ಚೀಟಿಯಲ್ಲಿ ಇಂಗ್ಲಿಷಿನ ಎರಡಕ್ಷರದಲ್ಲಿ ವಾರಕ್ಕೊಮ್ಮೆ ಎಂದು ಬರೆದಿರುತ್ತೀರಿ. ಅಂಗಡಿಯವರು ಹತ್ತು ಮಾತ್ರೆಯ ಪಟ್ಟಿ ಕೊಟ್ಟು ರೂಢಿಯಂತೆ "ದಿನಕ್ಕೊಂದು" ಎನ್ನುತ್ತಾರೆ. ಮುಂದಿನ ಮೇಜಿನವರು ಚೀಟಿ ಮಡಿಸಿ ಕೈಗೆ ಕೊಟ್ಟದ್ದಷ್ಟೇ, ಓದಿ ಹೇಳಿಲ್ಲ. ದಿನಾ ನುಂಗಿದರೆ ಮೊದಲು ಬಾಯಿ ತುಂಬ ಹುಣ್ಣು, ಆಮೇಲೆ ರಕ್ತಕಣಗಳೆಲ್ಲ ಕುಸಿಯುತ್ತವೆ, ಜೀವ ಹೋಗುವಂಥ ತಪ್ಪು ಇದು. "ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ವಾರದ ಹೆಸರು ಬರೆದು, ಜೊತೆಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಯಾವ ದಿನ ಎಂದು ಪಕ್ಕದಲ್ಲಿ ಬರೆದು, ಒಂದು ತಿಂಗಳಿಗೆ ಎಷ್ಟು ಬೇಕೋ ಅಷ್ಟೇ ಮಾತ್ರೆ ಕೊಡಲು ಸೂಚಿಸಿದರೆ ಈ ತಪ್ಪು ಆಗುವುದು ಕಷ್ಟ.

ಇನ್ಸುಲಿನ್ನಿನ ಲೆಕ್ಕವೂ ಇಷ್ಟೇ ಅಪಾಯದ್ದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. 40ರ ಸಿರಿಂಜಿನ ಮುಚ್ಚಳ ಕೆಂಪು, 100ರದ್ದು ಕಿತ್ತಳೆ. ಪೆನ್ನಿನ ಸೂಜಿ ಮುಗಿದಿದೆ ಎಂದು ಅದರ ಇನ್ಸುಲಿನ್ನನ್ನು ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದು ಚುಚ್ಚಿದರೆ ಒಳಗೆ ಹೋಗುವುದು 50 ಯೂನಿಟ್. ಬಾಟಲಿಯಿಂದ ಪೆನ್ನಿಗೆ ಬದಲಿಸಿದ ದಿನ ಐದು ನಿಮಿಷ ಕೂರಿಸಿ, ರೋಗಿಯ ಕೈಯಲ್ಲೇ ಒಮ್ಮೆ ಮಾಡಿಸಿ ತೋರಿಸಲು ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೆ ಕಲಿಸಿ. ಉಬ್ಬಸದವರ ಇನ್‌ಹೇಲರಿಗೂ ಅದೇ ಮಾತು. ಸರಿಯಾಗಿ ಎಳೆಯಲು ಬಾರದವರಿಗೆ ಔಷಧಿ ಗಂಟಲಲ್ಲೇ ಉಳಿಯುತ್ತದೆ, ಮುಂದಿನ ಭೇಟಿಯಲ್ಲಿ ನೀವು ಡೋಸು ಹೆಚ್ಚಿಸುತ್ತೀರಿ.

ವಾರಕ್ಕೋ ತಿಂಗಳಿಗೋ ಒಮ್ಮೆ ತಾಲ್ಲೂಕಿಗೆ ಬಂದು ಹೋಗುವ ತಜ್ಞರಲ್ಲಿ ನಮ್ಮ ವಿಶೇಷ ವಿನಂತಿ. ನೀವು ಬರುವುದು ನಮಗೆ ದೊಡ್ಡ ಅನುಕೂಲ. ಆದರೆ ನೀವು ಹೋದ ಮೇಲೆ ಏನಾದರೂ ಆದರೆ ಯಾರನ್ನು ಕೇಳಬೇಕು? ಮೂರ್ಛೆರೋಗಕ್ಕೆ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಹೊಸದಾಗಿ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದು ಬಾಯಿ, ಕಣ್ಣು ಕೆಂಪಾದರೆ ಅಂದೇ ವೈದ್ಯರು ನೋಡಬೇಕು, ಅದು ಚರ್ಮವೇ ಸುಲಿಯುವ ಪ್ರತಿಕ್ರಿಯೆಯ ಆರಂಭ ಇರಬಹುದು. ನಿಮ್ಮನ್ನು ಕರೆಸುವ ಔಷಧಿ ಅಂಗಡಿಯವರು ಅಥವಾ ನರ್ಸಿಂಗ್ ಹೋಂನವರು "ಮುಂದಿನ ಬುಧವಾರ ಬರ್ತಾರೆ, ಆಗ ತೋರಿಸಿ" ಎನ್ನುತ್ತಾರೆ. ಚೀಟಿಯ ಮೇಲೆ ನಿಮ್ಮ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಉಳಿದ ದಿನ ಫೋನ್ ಎತ್ತುವವರ ಒಂದು ನಂಬರ್, ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬ ಎರಡು ಸಾಲು ಇರಲಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟರೆ ಅವರೂ ಧೈರ್ಯದಿಂದ ನೋಡಿಕೊಳ್ಳುತ್ತಾರೆ.

ದಾಖಲೆಗಳ ಬಗ್ಗೆ ನಿಯಮ ಸ್ಪಷ್ಟವಾಗಿದೆ. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ನಡೆಯುವುದೇನೆಂದರೆ, ಇನ್ನೊಬ್ಬ ತಜ್ಞರಿಗೆ ತೋರಿಸಲು ಫೈಲ್ ಕೇಳಿದ ಕೂಡಲೇ ಮೇಜಿನವರ ಮುಖ ಬಿಗಿಯುತ್ತದೆ. ಡಾಕ್ಟರನ್ನು ಕೇಳಬೇಕು, ಕಂಪ್ಯೂಟರ್ ಕೆಟ್ಟಿದೆ, ಫೈಲ್ ಮೇಲಿನ ಮಹಡಿಯಲ್ಲಿದೆ. ಜನ ಎರಡನೇ ಅಭಿಪ್ರಾಯ ಪಡೆಯುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ. ದೊಡ್ಡ ಆಪರೇಷನ್ನಿಗೆ ಮುಂಚೆ ಮನೆಯವರೆಲ್ಲ ಕೂತು ಯೋಚಿಸಬೇಕಾಗುತ್ತದೆ, ಜಮೀನಿನ ಮೇಲೆ ಸಾಲ ತೆಗೆಯಬೇಕಾಗುತ್ತದೆ.

ನಿಮ್ಮ ಸಿಬ್ಬಂದಿಯ ಪರವಾಗಿಯೂ ನಾವು ಮಾತಾಡಬೇಕು. ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೋಗುವ, ಫೋನ್, ದುಡ್ಡು, ಫೈಲು, ಬಾಗಿಲು ಎಲ್ಲವನ್ನೂ ಒಬ್ಬಳೇ ನೋಡುವ ಹುಡುಗಿಯರನ್ನು ಕಂಡಿದ್ದೇವೆ. ಅವರ ಸಂಬಳ ಕೇಳಿದರೆ ನೋವಾಗುತ್ತದೆ. ಡಾಕ್ಟರು ತಡವಾಗಿ ಬಂದದ್ದಕ್ಕೆ ಬೈಗುಳ ತಿನ್ನುವವರೂ ಅವರೇ. ಮೇಜು ಗುದ್ದುವ, ಕೈ ಎತ್ತುವ ನಮ್ಮ ಕಡೆಯ ಜನರನ್ನು ನಾವು ಸಮರ್ಥಿಸುವುದಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ರಾಜ್ಯದ ಕಾಯ್ದೆ ಬಂದಿದೆ, ಅದು ಸರಿಯಾದದ್ದೇ. ಫೋನಿಗೊಬ್ಬರು, ಬಾಗಿಲಿಗೊಬ್ಬರು ಇರಲಿ. ತಿಂಗಳಿಗೊಮ್ಮೆ ಅರ್ಧ ದಿನ ಕ್ಲಿನಿಕ್ ಮುಚ್ಚಿ ಅವರ ಜೊತೆ ಕೂತು, ಆ ತಿಂಗಳು ಯಾವ ಫೋನಿನಲ್ಲಿ ಏನು ಹೇಳಿದರು, ಯಾವುದು ತಪ್ಪಿತು ಎಂದು ಮಾತಾಡಿ. ನಮ್ಮ ಕಡೆಯಿಂದ, ಕರೆತರುವ ಪ್ರತಿ ರೋಗಿಯ ಬಳಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ, ಡಿಸ್ಚಾರ್ಜ್ ಹಾಳೆ, ಯಾವುದಕ್ಕೆ ಅಲರ್ಜಿ ಎಂಬ ಬರಹ ಇರುವಂತೆ ನೋಡಿಕೊಳ್ಳುತ್ತೇವೆ.

ಜಿಲ್ಲಾಧಿಕಾರಿಗಳೇ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು, 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಸೇರಿತು, ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ನಿಮ್ಮ ಅಧ್ಯಕ್ಷತೆಯಲ್ಲಿದೆ. ಈ ಪ್ರಾಧಿಕಾರಕ್ಕೆ ದೂರು ಕೊಡಬಹುದು ಎಂಬುದೇ ಬೆಂಚಿನ ಮೇಲೆ ಕೂತ ನೂರರಲ್ಲಿ ತೊಂಬತ್ತು ಜನರಿಗೆ ಗೊತ್ತಿಲ್ಲವೆಂದೇ ನಮಗೆ ಕಾಣುತ್ತದೆ. ಸನ್ನದಿನ ಕನ್ನಡ ಪ್ರತಿ, ದೂರು ಕೊಡಬೇಕಾದ ವಿಳಾಸ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಫೋನ್ ನಂಬರ್ ಪ್ರತಿ ಕ್ಲಿನಿಕ್ಕಿನ ನಂಬರ್ ಕೊಡುವ ಮೇಜಿನ ಎದುರಿಗೇ, ನಿಂತವರ ಕಣ್ಣಿನ ಎತ್ತರಕ್ಕೆ ಇರಬೇಕು ಎಂದು ಆದೇಶಿಸಿ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆಗ ಬರುವ ತಪಾಸಣಾ ತಂಡ ಕಸದ ಬುಟ್ಟಿಯ ಬಣ್ಣ, ಅಗ್ನಿಶಾಮಕ ಸಿಲಿಂಡರ್ ನೋಡುವುದರ ಜೊತೆಗೆ ಫೋನಿನ ಪಕ್ಕದ ತುರ್ತು ಪ್ರಶ್ನೆಗಳ ಹಾಳೆ, ಶುಲ್ಕದ ಫಲಕ, ದಾಖಲೆ ಕೊಟ್ಟ ರಿಜಿಸ್ಟರನ್ನೂ ನೋಡಲಿ. ಜಿಲ್ಲಾ ಆಸ್ಪತ್ರೆಯ ತಜ್ಞರ ಓಪಿಡಿಗೂ ಇದೇ ಅಳತೆಗೋಲು ಹಾಕಿ. ಅಲ್ಲಿಯ ಚೀಟಿ ಕೌಂಟರ್, ಕೋಣೆಯ ಬಾಗಿಲಿನ ಅಟೆಂಡರ್ ಇಬ್ಬರೂ ಮೇಲೆ ಹೇಳಿದ ಮೇಜಿನ ಕೆಲಸವನ್ನೇ ಮಾಡುತ್ತಾರೆ.

ತಜ್ಞ ವೈದ್ಯರಲ್ಲಿ ನಾವು ಮೊದಲು ಕೇಳುವುದು ಎರಡನ್ನು: ತುರ್ತು ಪ್ರಶ್ನೆಗಳ ಹಾಳೆ, ಮತ್ತು ಮೇಜಿನಿಂದ ಯಾವ ಮಾತ್ರೆಯನ್ನೂ ನಿಲ್ಲಿಸಿ ಎನ್ನಬಾರದು ಎಂಬ ಕಟ್ಟಪ್ಪಣೆ. ಇವೆರಡಕ್ಕೆ ಆದೇಶ, ಅನುದಾನ ಯಾವುದೂ ಬೇಕಿಲ್ಲ. ಕನ್ನಡದಲ್ಲಿ ಆ ಹಾಳೆ ಸಿದ್ಧಪಡಿಸಲು, ಜನರಿಗೆ ಅರ್ಥವಾಗುವ ಮಾತು ಯಾವುದು ಎಂದು ಹೇಳಲು ನಮ್ಮ ನೆರವು ಬೇಕಿದ್ದರೆ ನಿಮ್ಮ ಕ್ಲಿನಿಕ್ಕಿಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ಹೇಳಿ ಕಳಿಸಿ, ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರೋಗಿಗಳ ಜೊತೆಗೆ ಬರುವವರು